ಫ್ರೇಮಿನಲ್ಲಿ ಬಂದ ಗಡ್ಡದ ಮುಖ

“ಇದಲ್ಲ ಮೇಡಂ,” ಎಂದರು ಗಡಿಯಾರ ರಿಪೇರಿ ಮೇಸ್ತ್ರಿಯ ಹೆಂಡತಿ. “ಮುಂದೆ ಹೋಗ್ಲಿ.”

ಬೆಳಗ್ಗೆಯಿಂದ ಇನ್‌ಸ್ಪೆಕ್ಟರ್ ಕೇಳುತ್ತಿದ್ದುದು ಇದೊಂದೇ ಮಾತು. ಬೀರುವಿನ ಮೇಲಿದ್ದ ಡಿಜಿಟಲ್ ಫೋಟೋ ಫ್ರೇಮು ಒಂದು ಚಿತ್ರ ತೋರಿಸುವುದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದಲ್ಲಿ ಒರಗಿದ್ದ ಹೆಂಗಸು ಕತ್ತು ನೀಡಿ ನೋಡುವುದು, ಅಲ್ಲ ಎನ್ನುವುದು. ಸ್ಟೂಲಿನ ಮೇಲೆ ಕೂತೂ ಕೂತೂ ಇನ್‌ಸ್ಪೆಕ್ಟರ್‌ಗೆ ಸೊಂಟ ಹಿಡಿದುಕೊಂಡಿತ್ತು. ಓಡುವ ಕಳ್ಳರನ್ನು ಅಟ್ಟಿಸಿಕೊಂಡು ಹೋಗಿ ಹಿಡಿದವಳು ಆಕೆ. ಒಂದು ಪೆಟ್ಟಿಗೆಯ ಮುಂದೆ ಹೀಗೆ ಕೈಕಟ್ಟಿ ಕೂರುವ ಪಾಳಿ ಇದುವರೆಗೆ ಬಂದಿರಲಿಲ್ಲ.

ಮೇಸ್ತ್ರಿ ಕಾಣೆಯಾಗಿ ತಿಂಗಳಾಗುತ್ತ ಬಂದಿತ್ತು. ಕಾಲುವೆಯಲ್ಲಿ ಸಿಕ್ಕ ಹೆಣ ಅವನದೇ ಎಂದು ಅವನ ತಮ್ಮನೇ ಗುರುತು ಹಿಡಿದಾಗಿತ್ತು. ಆದರೆ ನಿನ್ನೆ ಮಧ್ಯಾಹ್ನ ಇದೇ ಫ್ರೇಮಿನಲ್ಲಿ ತಮ್ಮ ಗಂಡ ಗಡ್ಡ ಬಿಟ್ಟುಕೊಂಡು ಕಾಣಿಸಿದರು ಎಂದು ಹೆಂಡತಿ ಪಟ್ಟು ಹಿಡಿದಿದ್ದರು.

ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಗಂಡ ಹೋದ ಸಂಕಟ, ಅದರ ಮೇಲೆ ಕಾಲುನೋವಿನ ಮಾತ್ರೆ, ಅಮ್ಮನಿಗೆ ಏನೋ ಕಂಡಿರಬೇಕು ಎಂದು ಮಗಳೇ ಕಣ್ಣೊರೆಸಿಕೊಂಡಿದ್ದಳು. ಇನ್‌ಸ್ಪೆಕ್ಟರ್‌ಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೇಸ್ತ್ರಿ ಮೀಸೆ ಮೂಡಿದ ಕಾಲದಿಂದ ಗಡ್ಡ ಬಿಟ್ಟವನಲ್ಲ. ಒಂದು ಕೂದಲು ಉದುರಿ ಹಲ್ಲುಚಕ್ರಗಳ ನಡುವೆ ಬಿದ್ದರೆ ಗಡಿಯಾರ ಕೆಟ್ಟಿತೆಂದೇ ಲೆಕ್ಕ, ಹಾಗಾಗಿ ಜ್ವರ ಬಂದ ದಿನವೂ ಮುಖ ನುಣ್ಣಗೆ ಬೋಳಿಸಿಕೊಂಡೇ ಕೆಳಗಿನ ಅಂಗಡಿಗೆ ಇಳಿಯುತ್ತಿದ್ದವನು. ಮಾತ್ರೆಯ ಮಂಪರಿನಲ್ಲಿ ಗಂಡ ಕಾಣುವುದೇ ಆದರೆ ಹೆಂಡತಿಗೆ ತಾನು ಬಲ್ಲ ಮುಖ ಕಾಣಬೇಕು. ಎಂದೂ ನೋಡದ ಗಡ್ಡ ಎಲ್ಲಿಂದ ಬರಬೇಕು?

ಉತ್ತರ ಸಂಜೆಯೊಳಗೆ ಬೇಕಿತ್ತು. ಮೇಲಧಿಕಾರಿ ಬೆಳಗ್ಗೆಯೇ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಒಡಹುಟ್ಟಿದವನೇ ಗುರುತಿಸಿದ ಮೇಲೆ ಪ್ರಯೋಗಾಲಯದ ವರದಿಗೆ ಬಾಯಿಬಿಟ್ಟುಕೊಂಡು ಕಾಯುವುದು ಬೇಡ, ಇವತ್ತು ಸಂಜೆ ಹೆಣವನ್ನು ಮನೆಯವರಿಗೆ ಒಪ್ಪಿಸಿ, ಕಾಲುಜಾರಿ ಬಿದ್ದದ್ದೆಂದು ಮುಗಿಸಿಬಿಡಿ ಎಂದಿದ್ದರು. ಗಡ್ಡದ ಫೋಟೋ ಅಷ್ಟರೊಳಗೆ ಸಿಗದಿದ್ದರೆ ಮೇಸ್ತ್ರಿ ಎಲ್ಲೋ ಬದುಕಿದ್ದರೂ ಸತ್ತಂತೆಯೇ. ಆಮೇಲೆ ಅವನನ್ನು ಹುಡುಕುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ. ಇದು ಮಂಚದ ಮೇಲಿದ್ದ ಹೆಂಗಸಿಗೂ ಗೊತ್ತಿತ್ತು, ಅದಕ್ಕೇ ರೆಪ್ಪೆ ಬಡಿಯಲೂ ಹೆದರಿ ಕೂತಿದ್ದರು.

ಅಮ್ಮ ಮೆಟ್ಟಿಲಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಹೊತ್ತು ಹೋಗಲೆಂದು ಮಗಳು ತಂದಿಟ್ಟ ಫ್ರೇಮು ಅದು. ಊಟದ ತಟ್ಟೆಯಷ್ಟು ಪರದೆ, ಸುತ್ತ ಮರದ ಬಣ್ಣದ ಕಟ್ಟು, ಬೆನ್ನಿನ ಕಡೆ ಒಂದೆರಡು ಗುಂಡಿ. ಫೋನುಗಳ ಹೊಟ್ಟೆಯಲ್ಲಿ ಕೊಳೆಯುತ್ತಿದ್ದ ಫೋಟೋಗಳೆಲ್ಲ ಅದರ ದೆಸೆಯಿಂದ ಬೆಳಕು ಕಂಡಿದ್ದವು. ಎಲ್ಲೋ ಕೂತು ಫೋನಿನಲ್ಲಿ ಕ್ಲಿಕ್ ಎನಿಸಿದರೆ ಸಾಕು, ಕಾಫಿ ಆರುವುದರೊಳಗೆ ಚಿತ್ರ ಈ ಕೋಣೆಯಲ್ಲಿ. ಹೊಸದು ಬಂದರೆ ಸಾಲು ಮುರಿದು, ಟಿಂಗ್ ಎಂದು ಸದ್ದು ಮಾಡಿ ಮೊದಲು ಅದನ್ನೇ ತೋರಿಸುತ್ತದೆ. ಆಮೇಲೆ ಸಾವಿರಾರು ಹಳೆಯವುಗಳ ರಾಶಿಯೊಳಗೆ ಎಸೆದುಬಿಡುತ್ತದೆ.

ತೊಂದರೆ ಇರುವುದೇ ಅಲ್ಲಿ. ಅಗ್ಗದ ಮಾದರಿ, ಅದಕ್ಕೆ ಹಿಂದಕ್ಕೆ ಹೋಗುವ ಬುದ್ಧಿಯಿಲ್ಲ. ಕಳೆದುಹೋದದ್ದು ಮತ್ತೆ ಬೇಕೆಂದರೆ ಅದರ ಮರ್ಜಿ ಕಾಯಬೇಕು. ಕರೆಂಟು ಹೋದರೆ ಪೂರ್ತಿ ಕುರುಡು. ಮೇಲಾಗಿ ಮುಖವೆಂದರೆ ಅದಕ್ಕೆ ಎಲ್ಲಿಲ್ಲದ ಆಸೆ. ಫೋಟೋದ ಮೂಲೆಯಲ್ಲಿ ಬಟಾಣಿಯಷ್ಟು ಮುಖ ಕಂಡರೂ ಉಳಿದದ್ದನ್ನೆಲ್ಲ ಕತ್ತರಿಸಿ ಆ ಮುಖವನ್ನೇ ಪರದೆ ತುಂಬ ಹಿಗ್ಗಿಸುತ್ತದೆ.

“ಒಳ್ಳೇದೂ ಹೌದು, ಕೆಟ್ಟದ್ದೂ ಹೌದು ಇದು,” ಎಂದರು ಹೆಂಡತಿ. “ಅವರು ಹೋದ್ರು ಅಂತ ಎಲ್ರೂ ಅಳ್ತಾ ಕೂತಿದ್ರೆ, ಇದು ಅವರ ನಗೋ ಮುಖ ಹಾಕ್ಕೊಂಡು ಕೂತಿರುತ್ತೆ. ಗೋಡೆ ಫೋಟೋ ಆಗಿದ್ರೆ ತಿರುಗಿಸಿ ಇಡಬಹುದಿತ್ತು.”

ಇನ್‌ಸ್ಪೆಕ್ಟರ್ ಹೂಂ ಎಂದಳು. ಬೆಳಗ್ಗೆ ಬಂದಾಗ ಆಕೆಗೆ ಇದೊಂದು ಆಟಿಕೆ ಅನಿಸಿತ್ತು. ಈಗ ಹಾಗೆ ಅನಿಸುತ್ತಿರಲಿಲ್ಲ. ಸಣಕಲು ಮದುಮಗ, ಅಂಗಡಿಯ ಬೋರ್ಡಿಗೆ ತಾನೇ ಬಣ್ಣ ಬಳಿಯುತ್ತಿರುವ ಯಜಮಾನ, ಹಲ್ಲಿಲ್ಲದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಕನ್ನಡಕ ಬಂದ ಮೇಲಿನ ಮೇಸ್ತ್ರಿ, ಮತ್ತೆ ಅದೇ ಮದುಮಗ. ತಾನು ಒಮ್ಮೆಯೂ ಮುಖಾಮುಖಿ ಕಾಣದ ಒಬ್ಬ ಮನುಷ್ಯನ ಇಡೀ ಬಾಳು ಹಿಂದುಮುಂದಾಗಿ ತನ್ನೆದುರು ಹರಿಯುತ್ತಿತ್ತು. ಒಂದು ಆಯುಷ್ಯ ಇಷ್ಟು ಸಣ್ಣ ಕಿಟಕಿಯಲ್ಲಿ ಹಿಡಿಸುತ್ತದಲ್ಲ ಎಂದು ಆಕೆ ನಿಜಕ್ಕೂ ಬೆರಗಾಗಿ ಕೂತಿದ್ದಳು.

ಅಷ್ಟರಲ್ಲಿ ಪರದೆ ತುಂಬ ಒಂದು ದೊಡ್ಡ ಮೂಗು ಬಂತು. ಮೂಗಿನ ಎರಡೂ ಕಡೆ ಮಸುಕಾಗಿ ಗಡಿಯಾರದ ಅಂಕೆಗಳು ತೇಲುತ್ತಿದ್ದವು. ಇದೇನು ಎಂದು ಇನ್‌ಸ್ಪೆಕ್ಟರ್ ಬೆಚ್ಚಿದರೆ, ಹೆಂಡತಿ ಅಷ್ಟು ದುಃಖದಲ್ಲೂ ಕಿಸಕ್ಕನೆ ನಕ್ಕರು. ಮೂಗು ಅವರ ಮೈದುನನದು, ಅಂದರೆ ಹೆಣ ಗುರುತಿಸಿದ ಆ ತಮ್ಮನದು.

ಚಹಾ ತಂದ ಮಗಳು ವಿಷಯ ಬಿಡಿಸಿ ಹೇಳಿದಳು. ಅಂಗಡಿಯಲ್ಲಿ ಒಂದು ಕಟ್ಟುಪಾಡು. ಯಾವ ಗಡಿಯಾರವೇ ಬರಲಿ, ಬಿಚ್ಚುವ ಮುನ್ನ ಅದರದೊಂದು ಫೋಟೋ ತೆಗೆಯಬೇಕು, ಆಗ ಯಾವ ತಿರುಪು ಎಲ್ಲಿತ್ತು ಎಂದು ಆಮೇಲೆ ತಲೆ ಕೆರೆದುಕೊಳ್ಳುವಂತಿಲ್ಲ. ಅಪ್ಪ ಹಾಕಿದ ನಿಯಮ, ಚಿಕ್ಕಪ್ಪನಿಗೂ ಕೈಗೆ ಹತ್ತಿಹೋಗಿದೆ. ಫ್ರೇಮು ತಂದಾಗ ಮಗಳು ಮನೆಯವರ ಫೋನುಗಳಿಗೆಲ್ಲ ಒಂದೇ ಏರ್ಪಾಡು ಮಾಡಿದ್ದಳು. ಮನೆಯ ಯಾರದೇ ಮುಖ ಇರುವ ಫೋಟೋ ತೆಗೆದರೂ, ತೆಗೆದವರು ಏನೂ ಮಾಡಬೇಕಿಲ್ಲ, ಅದು ತಾನಾಗಿಯೇ ಇಲ್ಲಿಗೆ ಬರುತ್ತದೆ. ಗಡಿಯಾರದ ಗಾಜಿನಲ್ಲಿ ಮೂಗು ಕಂಡರೂ ಫೋನಿನ ಪಾಲಿಗೆ ಅದು ಮನೆಯವರ ಭಾವಚಿತ್ರವೇ.

“ಕಳಿಸಿದ್ದು ಯಾರು ಅಂತ ಫ್ರೇಮು ತೋರಿಸಲ್ವಾ?” ಇನ್‌ಸ್ಪೆಕ್ಟರ್ ಕೇಳಿದಳು.

ಮಗಳು ನಾಲಿಗೆ ಕಚ್ಚಿಕೊಂಡಳು. ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡುವ ತಾಪತ್ರಯ ಯಾರಿಗೆ ಬೇಕೆಂದು ಎಲ್ಲ ಫೋನುಗಳಿಗೂ ಒಂದೇ ಖಾತೆ ಹಾಕಿ ‘ಮನೆ’ ಎಂದು ಹೆಸರಿಟ್ಟಿದ್ದಳು. ಯಾರು ಕಳಿಸಿದರೂ ಮನೆಯೇ ಕಳಿಸಿದಂತೆ. ಹಾಗೆ ಜೋಡಿಸಿದ್ದ ಫೋನುಗಳು ಯಾವುವು ಎಂದರೆ ಅಮ್ಮನದು, ತನ್ನದು, ಅಪ್ಪನದು, ಚಿಕ್ಕಪ್ಪನದು, ಮತ್ತೆ ಸೋದರಮಾವನದು.

ಸೋದರಮಾವ ಎಂದರೆ ಮೇಸ್ತ್ರಿಯ ಹೆಂಡತಿಯ ಒಡಹುಟ್ಟಿದ ತಮ್ಮ. ಊರೂರು ಸುತ್ತಿ ಹಳೆಯ ಗಡಿಯಾರಗಳನ್ನು ಕೊಂಡು ತರುವ ವ್ಯಾಪಾರಿ. ಭಾವ ರಿಪೇರಿ ಮಾಡುವುದು, ಭಾವಮೈದುನ ಮಾರುವುದು, ಹೀಗೆ ಇಬ್ಬರ ವ್ಯವಹಾರ ಬಹಳ ಕಾಲದಿಂದ ನಡೆದುಬಂದಿತ್ತು. ಮೇಸ್ತ್ರಿ ಕಾಣೆಯಾಗುವ ಮುನ್ನಾದಿನ ಹೊರಟ ವ್ಯಾಪಾರಿ ಇನ್ನೂ ತಿರುಗಿ ಬಂದಿರಲಿಲ್ಲ. ಭಾವ ತೀರಿಕೊಂಡ ಸುದ್ದಿಗೂ ಬರದೆ, ಗಂಟಲು ಕಟ್ಟಿ ಮಾತಾಡಲು ಆಗುತ್ತಿಲ್ಲವೆಂದು ಬರೀ ಮೆಸೇಜ್ ಮಾಡುತ್ತಿದ್ದ. ಇನ್‌ಸ್ಪೆಕ್ಟರ್ ಅವನ ಮೇಲೆ ಒಂದು ಕಣ್ಣಿಟ್ಟೇ ಇದ್ದಳು. ಅವನ ಫೋನು ಎಲ್ಲಿದೆ ಎಂದು ಕಂಪನಿಗೆ ಕೇಳಿಯೂ ಆಗಿತ್ತು, ಉತ್ತರ ಬಂದಿರಲಿಲ್ಲ.

“ಅವನನ್ನ ಅನುಮಾನದಿಂದ ನೋಡಬೇಡಿ,” ಎಂದರು ಹೆಂಡತಿ. “ನಾನು ಎತ್ತಿ ಆಡಿಸಿದ ಮಗು ಅದು. ಇವತ್ತಿಗೂ ನನ್ನ ವಿಚಾರಿಸದೆ ಒಂದು ತುತ್ತು ತಿನ್ನಲ್ಲ.”

ಮಾತು ಮುಗಿದಿತ್ತೋ ಇಲ್ಲವೋ, ಅವರ ಕೈ ಇನ್‌ಸ್ಪೆಕ್ಟರ್ ತೋಳನ್ನು ಗಟ್ಟಿಯಾಗಿ ಹಿಡಿಯಿತು.

ಇನ್‌ಸ್ಪೆಕ್ಟರ್ ಒಂದೇ ನೆಗೆತಕ್ಕೆ ಬೀರುವಿನ ಬಳಿ ಹೋಗಿ ಫ್ರೇಮಿನ ಬೆನ್ನಿನ ಗುಂಡಿ ಒತ್ತಿದಳು. ಚಿತ್ರ ನಿಂತಿತು.

ಗಡ್ಡವಿತ್ತು. ಬಿಳಿ ಕಪ್ಪು ಬೆರೆತ, ಕತ್ತರಿ ಕಾಣದ ಗಡ್ಡ. ಅದರ ನಡುವೆ, ಬೆಳಗ್ಗೆಯಿಂದ ನೋಡಿ ನೋಡಿ ಸ್ವಂತ ಅಣ್ಣನಷ್ಟು ಪರಿಚಯವಾಗಿಹೋಗಿದ್ದ ಆ ಕಣ್ಣುಗಳು. ಮುಖ ಮಬ್ಬು ಮಬ್ಬಾಗಿತ್ತು, ಹಿಂದೆಲ್ಲ ಕತ್ತಲು. ಶವಾಗಾರದಲ್ಲಿ ಹೆಸರಿನ ಚೀಟಿ ಕಟ್ಟಿಸಿಕೊಂಡು ಮಲಗಿದ್ದಾನೆಂದು ಸರ್ಕಾರವೇ ನಂಬಿದ್ದ ಮನುಷ್ಯ ಇಲ್ಲಿ ಇನ್‌ಸ್ಪೆಕ್ಟರ್ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಪೊಲೀಸ್ ಕೆಲಸದಲ್ಲಿ ಎಷ್ಟೋ ವಿಚಿತ್ರ ಕಂಡಿದ್ದ ಆಕೆಗೆ ಒಂದು ಗಳಿಗೆ ಕೈ ಮುಗಿಯಬೇಕು ಅನಿಸಿದ್ದು ಸುಳ್ಳಲ್ಲ.

“ನಾನು ಹೇಳ್ಲಿಲ್ವಾ,” ಎಂದರು ಹೆಂಡತಿ. ಅಳು ಬರುತ್ತಿತ್ತು, ಆದರೂ ಕಣ್ಣು ಮುಚ್ಚಲು ಮನಸ್ಸಿರಲಿಲ್ಲ. ಮಗಳು ಚಹಾದ ಲೋಟ ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ.

ಇನ್‌ಸ್ಪೆಕ್ಟರ್ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಏನೋ ಸರಿಯಿರಲಿಲ್ಲ. ಮೇಸ್ತ್ರಿಯ ಹುಬ್ಬಿನ ಪಕ್ಕ ಒಂದು ದಪ್ಪ ಮಚ್ಚೆ. ಬೆಳಗ್ಗೆಯಿಂದ ಬಂದ ಚಿತ್ರಗಳಲ್ಲೆಲ್ಲ ಅದು ಎಡಹುಬ್ಬಿನ ಪಕ್ಕದಲ್ಲಿತ್ತು. ಇಲ್ಲಿ ಬಲಗಡೆಗೆ ಬಂದು ಕೂತಿತ್ತು.

“ಈ ಮುಖ ಹಿಗ್ಗಿಸೋದನ್ನ ನಿಲ್ಲಿಸಬಹುದಾ?” ಎಂದಳು. “ಫೋಟೋ ತೆಗೆದಾಗ ಎಷ್ಟಿತ್ತೋ ಅಷ್ಟೂ ನನಗೆ ಕಾಣಬೇಕು.”

ಮಗಳು ಗುಂಡಿಗಳ ಜೊತೆ ಸ್ವಲ್ಪ ಗುದ್ದಾಡಿದಳು. ಮುಖ ಸರ್ರನೆ ಹಿಂದೆ ಸರಿದು ಮೂಲೆಯಲ್ಲಿ ಚಿಕ್ಕದಾಯಿತು, ಅದರ ಸುತ್ತ ಆಳೆತ್ತರದ ಒಂದು ನಿಲುವು ಗಡಿಯಾರ ಮೂಡಿತು. ಕಪ್ಪು ಮರದ ಕೆತ್ತನೆ, ಮೇಲೆ ಚಂದ್ರನ ಬಿಂಬ ಇರುವ ಮುಖಫಲಕ, ಕೆಳಗೆ ಉದ್ದನೆಯ ಗಾಜಿನ ಬಾಗಿಲು. ಮೇಸ್ತ್ರಿಯ ಮುಖ ಇದ್ದದ್ದು ಆ ಗಾಜಿನಲ್ಲಿ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ. ಕೊರಳಿನಿಂದ ಕೆಳಗೆ ಎಲ್ಲವೂ ಗಾಜಿನ ಕತ್ತಲಲ್ಲಿ ಕರಗಿಹೋಗಿತ್ತು.

ಅಷ್ಟು ಚೆಂದದ ಗಡಿಯಾರವನ್ನು ಅಮ್ಮ ಮಗಳು ಇಬ್ಬರೂ ಜನ್ಮದಲ್ಲಿ ಕಂಡಿರಲಿಲ್ಲ. ಇದು ನಮ್ಮ ಅಂಗಡಿಗೆ ಬಂದೇ ಇಲ್ಲ ಎಂದು ಮಗಳು ಆಣೆ ಮಾಡಿದಳು.

ಇನ್‌ಸ್ಪೆಕ್ಟರ್ ತಲೆಯಲ್ಲಿ ಎಲ್ಲ ಚಕಚಕನೆ ಕೂಡಿಕೊಂಡಿತು. ಬೆಲೆಬಾಳುವ ಗಡಿಯಾರ. ಅದನ್ನು ನಡೆಸಬಲ್ಲ ಕೈ ಒಂದೇ. ಆ ಕೈಯನ್ನು ಯಾರೋ ಎಲ್ಲೋ ಕೂಡಿಹಾಕಿ ದುಡಿಸುತ್ತಿದ್ದಾರೆ. ಬಿಚ್ಚಿಸುವ ಮುನ್ನ ಅಭ್ಯಾಸಬಲದಿಂದ ಗಡಿಯಾರದ ಫೋಟೋ ತೆಗೆದಿದ್ದಾರೆ, ಪಕ್ಕದಲ್ಲಿದ್ದ ಕೈದಿಯ ಮುಖ ಗಾಜಿನಲ್ಲಿ ಬಿದ್ದದ್ದನ್ನು ಗಮನಿಸಿಲ್ಲ, ಫೋನು ಗಮನಿಸಿದೆ. ಮೇಸ್ತ್ರಿಯ ಫೋನಂತೂ ಹೆಣದ ಕೋಟಿನ ಜೇಬಿನಲ್ಲಿ ನೀರು ಕುಡಿದು, ಈಗ ಠಾಣೆಯ ಬೀರುವಿನಲ್ಲಿ ಸತ್ತು ಬಿದ್ದಿದೆ. ಅಮ್ಮ ಮಗಳು ಈ ಮನೆ ಬಿಟ್ಟು ಹೋಗಿಲ್ಲ. ಉಳಿದದ್ದು ಇಬ್ಬರು. ಒಬ್ಬ ದೂರದಲ್ಲಿದ್ದಾನೆ. ಇನ್ನೊಬ್ಬ, ಗಡಿಯಾರ ಬಿಚ್ಚುವ ಮುನ್ನ ಫೋಟೋ ತೆಗೆಯುವ ಅಭ್ಯಾಸವಿರುವ ಇನ್ನೊಬ್ಬ, ಇದೇ ಮಹಡಿಯ ಕೆಳಗೆ ಕೂತಿದ್ದಾನೆ.

“ನಿಮ್ಮ ಚಿಕ್ಕಪ್ಪನನ್ನ ಮೇಲೆ ಕರೀಮ್ಮ,” ಎಂದಳು. “ಫೋನ್ ತಗೊಂಡೇ ಬರ್ಲಿ.”

ಮೈದುನ ಹಣೆಯ ಮೇಲೆ ಮಸೂರ ಏರಿಸಿಕೊಂಡೇ ಬಂದ. ಬಾಗಿಲಲ್ಲಿ ನಿಂತು ಅತ್ತಿಗೆಯನ್ನು ನೋಡಿದ, ಮಗಳನ್ನು ನೋಡಿದ, ಆಮೇಲೆ ಫ್ರೇಮನ್ನು. ಅವನ ಮುಖ ಸುಣ್ಣದಂತೆ ಬೆಳ್ಳಗಾಯಿತು. ಇನ್‌ಸ್ಪೆಕ್ಟರ್ ಕಾಯುತ್ತಿದ್ದುದು ಅದನ್ನೇ.

ಕೋಣೆಯಲ್ಲಿದ್ದವರ ಫೋನುಗಳನ್ನೆಲ್ಲ ಮಂಚದ ಹಾಸಿಗೆಯ ಮೇಲೆ ಇಡಿಸಿ, ಅವನದನ್ನು ಮಾತ್ರ ಆಕೆ ಕೈಗೆ ತೆಗೆದುಕೊಂಡಳು. ಅವನ ಫೋಟೋಗಳನ್ನು ತಿರುವಿಹಾಕಿದಳು. ನಿಲುವು ಗಡಿಯಾರ ಇರಲಿಲ್ಲ. ಅಳಿಸಲು ಎಷ್ಟು ಹೊತ್ತು ಬೇಕು ಎಂದುಕೊಂಡಳು.

“ಅಣ್ಣನನ್ನ ಎಲ್ಲಿಟ್ಟಿದೀರಿ?”

“ನಾನು ಎಲ್ಲೂ ಇಟ್ಟಿಲ್ಲ ಮೇಡಂ.”

“ಹೆಣ ನಿಮ್ಮ ಅಣ್ಣಂದು ಅಂತ ಹೇಳಿದ್ದು ನೀವು.”

“ಹೌದು.”

“ಏನು ನೋಡಿ ಹೇಳಿದ್ರಿ? ಮುಖ ಅಂತೂ ಗುರುತು ಸಿಗೋ ಹಾಗಿರಲಿಲ್ಲ.”

“ಕೋಟು ಅಣ್ಣಂದೇ. ವಾಚು ಅಣ್ಣಂದೇ.”

“ಅಷ್ಟೇನಾ?”

ಮೈದುನ ಹಣೆಯ ಮೇಲಿನ ಮಸೂರ ಕಳಚಿ ಬೆರಳಲ್ಲಿ ತಿರುಗಿಸುತ್ತ ನಿಂತ. ಮಂಚದ ಮೇಲಿಂದ ಅತ್ತಿಗೆ ಮೆಲ್ಲಗೆ, ನಿಜ ಹೇಳಪ್ಪ, ನನ್ನ ಮೇಲಾಣೆ ಎಂದರು. ಆ ಮೆದು ಮಾತಿಗೆ ಅವನು ಸೋತ.

“ಪಟ್ಟಿ,” ಎಂದ. “ವಾಚಿನ ಪಟ್ಟಿ. ಅಣ್ಣಂದು ಸಣ್ಣ ಮಣಿಕಟ್ಟು, ಒಳಗಿನ ತೂತಿಗೇ ಹಾಕೋದು. ಅಲ್ಲೇ ಚರ್ಮ ಸವೆದು ಗೆರೆ ಬಿದ್ದಿದೆ. ಹೆಣದ ಕೈಯಲ್ಲಿ, ದಪ್ಪ ಮಣಿಕಟ್ಟಿಗೆ ಹಾಕೋ ಹಾಗೆ, ಕೊಟ್ಟಕೊನೇ ತೂತಿಗೆ ಹಾಕಿತ್ತು.”

“ನೀರಲ್ಲಿದ್ದ ಹೆಣ ಊದಿಕೊಳ್ಳುತ್ತೆ.”

“ಕೈ ಊದ್ಕೊಳ್ಳುತ್ತೆ ಮೇಡಂ. ಪಟ್ಟಿ ತಾನಾಗೇ ಬಿಚ್ಕೊಂಡು ಬೇರೆ ತೂತಿಗೆ ಹೋಗಲ್ಲ.”

ಕೆಳಗಿನ ಅಂಗಡಿಯ ಗಡಿಯಾರಗಳೆಲ್ಲ ಒಟ್ಟಿಗೆ ನಡೆಯುವ ಸದ್ದು ನೆಲದ ಮೂಲಕ ಏರಿಬರುತ್ತಿತ್ತು. ಇಷ್ಟು ದಿನ ಈ ಮನುಷ್ಯ ಅತ್ತಿಗೆಯ ಮುಂದೆ ತಲೆ ಬಗ್ಗಿಸಿಕೊಂಡು ಊಟ ಮಾಡಿದ್ದು ದುಃಖಕ್ಕಲ್ಲ ಎಂದು ಇನ್‌ಸ್ಪೆಕ್ಟರ್‌ಗೆ ಈಗ ಹೊಳೆಯಿತು.

“ಅಂದ್ರೆ ಅದು ನಿಮ್ಮ ಅಣ್ಣ ಅಲ್ಲ ಅಂತ ಅವತ್ತೇ ಗೊತ್ತಿತ್ತು.”

“ಗೊತ್ತಿತ್ತು.”

“ಬಾಯಿ ಬಿಡಲಿಲ್ಲ ಯಾಕೆ?”

“ಬಿಟ್ಟಿದ್ರೆ ನೀವು ಇನ್ನೊಂದು ಪ್ರಶ್ನೆ ಕೇಳ್ತಿದ್ರಿ,” ಎಂದ ಮೈದುನ. “ಅಣ್ಣ ತನ್ನ ವಾಚನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ನನಗೂ ಬಿಟ್ಟಿಲ್ಲ. ಹಾಗಾದ್ರೆ ಅದನ್ನ ಆ ಸತ್ತವನ ಕೈಗೆ ಕಟ್ಟಿದ್ದು ಯಾರು, ನೀವೇ ಹೇಳಿ.”

ಟಿಂಗ್.

ಎಲ್ಲರ ಕತ್ತೂ ಒಟ್ಟಿಗೆ ತಿರುಗಿತು. ನಿಲ್ಲಿಸಿಟ್ಟಿದ್ದ ಚಿತ್ರವನ್ನು ಬದಿಗೆ ತಳ್ಳಿ ಫ್ರೇಮಿನಲ್ಲಿ ಹೊಸದೊಂದು ಬಂದು ನಿಂತಿತ್ತು. ಮಗಳು ಆಗಲೇ ಗುಂಡಿ ಒತ್ತಿದ್ದರಿಂದ ಈ ಸಲ ಅದು ಮುಖವನ್ನು ಕತ್ತರಿಸಿರಲಿಲ್ಲ, ಇದ್ದದ್ದು ಇದ್ದ ಹಾಗೆ ಇಡಿಯಾಗಿ ತೋರಿಸುತ್ತಿತ್ತು.

ಅದೇ ನಿಲುವು ಗಡಿಯಾರ. ಈ ಬಾರಿ ಹತ್ತಿರದಿಂದ, ಒಳ್ಳೆಯ ಹಗಲು ಬೆಳಕಿನಲ್ಲಿ. ಗಾಜಿನ ಬಾಗಿಲಲ್ಲಿ ಮೇಸ್ತ್ರಿ ತಲೆಯಿಂದ ಮೊಣಕಾಲಿನವರೆಗೆ ಕಾಣುತ್ತಿದ್ದ. ಕೈಗೆ ಹಗ್ಗವಿಲ್ಲ, ಪಕ್ಕದಲ್ಲಿ ಕಾವಲಿಗೆ ಯಾರೂ ಇಲ್ಲ. ಹಿಂದಿನ ಬಾಗಿಲು ಹಾರುಹೊಡೆದಿತ್ತು, ಅದರಾಚೆ ಬಿಸಿಲು. ಎದೆಯ ಮಟ್ಟಕ್ಕೆ ಎರಡೂ ಕೈಯಲ್ಲಿ ಫೋನು ಹಿಡಿದು, ತುಟಿ ಕಚ್ಚಿಕೊಂಡು, ಕೆಲಸಕ್ಕೆ ಕೂರುವ ಮುನ್ನ ಯಾವ ಗಡಿಯಾರ ರಿಪೇರಿಯವನಾದರೂ ನಿಲ್ಲುವ ಹಾಗೆ ನಿಂತಿದ್ದ.

ಇನ್‌ಸ್ಪೆಕ್ಟರ್ ತನ್ನ ಕೈಯಲ್ಲಿದ್ದ ಮೈದುನನ ಫೋನನ್ನು ನೋಡಿಕೊಂಡಳು. ನಿನ್ನೆಯ ಚಿತ್ರವನ್ನು ತೆಗೆದವನೂ ಮೇಸ್ತ್ರಿಯೇ. ಗಾಜಿನೊಳಗಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡುವವನು ಕ್ಯಾಮೆರಾ ಹಿಡಿದವನಲ್ಲದೆ ಮತ್ತ್ಯಾರಾಗಲು ಸಾಧ್ಯ? ಇಷ್ಟು ಹೊತ್ತು ಅದು ಕಣ್ಣೆದುರಿಗೇ ಇತ್ತು. ತನ್ನ ದಡ್ಡತನಕ್ಕೆ ನಾಚಿಕೆಯಾಗಬೇಕಿತ್ತು, ಆದರೆ ಆ ಕ್ಷಣ ಆಕೆಗೆ ಉಸಿರು ಕಟ್ಟುವಂಥ ವಿಸ್ಮಯವೊಂದೇ ಇತ್ತು.

“ಇದ್ದಾರೆ!” ಹೆಂಡತಿ ನಗುತ್ತ ಅಳುತ್ತಿದ್ದರು. “ನೋಡೇ, ನಿಮ್ಮಪ್ಪ ಇದ್ದಾರೆ. ಎಷ್ಟು ಸೊರಗಿದಾರೆ ನೋಡು. ನನ್ನನ್ನ ಎಬ್ಬಿಸಿ ಕೂರಿಸೇ, ಸರಿಯಾಗಿ ನೋಡ್ಬೇಕು.”

ಮಗ್ಗುಲಲ್ಲಿ ದಿಂಬು ಸರಿಪಡಿಸಬೇಕಿದ್ದ ಮಗಳು ಅಲುಗಾಡಲಿಲ್ಲ. ಅವಳು ಅಪ್ಪನ ಮುಖ ನೋಡುತ್ತಿರಲಿಲ್ಲ. ಅಪ್ಪನ ಕೈ ನೋಡುತ್ತಿದ್ದಳು. ಕೈಯಲ್ಲಿದ್ದ ಫೋನಿಗೆ ಕೆಂಪು ಕವಚ, ಅದರ ಮೂಲೆಯಲ್ಲಿ ಹಳದಿ ಬಾತುಕೋಳಿಯ ಚಿತ್ರ ಅಂಟಿಸಿತ್ತು.

“ಅದು ಮಾವನ ಫೋನು,” ಎಂದಳು. “ಆ ಬಾತುಕೋಳಿ ನಾನೇ ಅಂಟಿಸಿದ್ದು.”

ಮೈದುನ ಬಾಗಿಲಿಗೆ ಒರಗಿ ಹಾಗೇ ನೆಲಕ್ಕೆ ಕುಸಿದ. ಹೆಂಡತಿಯ ಮುಖದ ನಗು ಇನ್ನೂ ಮಾಸಿರಲಿಲ್ಲ, ಅದಕ್ಕೆ ಸುದ್ದಿ ಮುಟ್ಟಿರಲಿಲ್ಲ. ಅವರು ಮಗಳನ್ನೂ ಇನ್‌ಸ್ಪೆಕ್ಟರನ್ನೂ ಬದಲಿಸಿ ಬದಲಿಸಿ ನೋಡಿದರು.

“ಅವನ ಫೋನು ಇವರ ಕೈಲಿ ಯಾಕಿದೆ?” ಎಂದು ಕೇಳಿದರು. “ಅವನು ಹತ್ತಿರದಲ್ಲೇ ಇದಾನಾ? ಫೋಟೋದಲ್ಲಿ ಕಾಣ್ತಿಲ್ವಲ್ಲ.”

ಶವಾಗಾರದ ಹೆಣದ, ದಪ್ಪ ಮಣಿಕಟ್ಟಿನ ಆ ಕೈ ಇನ್‌ಸ್ಪೆಕ್ಟರ್‌ಗೆ ನೆನಪಾಯಿತು. ಆಕೆ ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡಳು.

ಹಾಸಿಗೆಯ ಮೇಲಿದ್ದ ಫೋನುಗಳಲ್ಲಿ ಒಂದು ಗುರ್ರೆಂದು ನಡುಗಿತು. ಅದು ಹೆಂಡತಿಯದು. ಪರದೆ ಬೆಳಗಿ, ಅವರ ತಮ್ಮನ ಹೆಸರಿನ ಕೆಳಗೆ ಒಂದು ಸಾಲಿನ ಮೆಸೇಜ್ ಬಂದಿತ್ತು.

“ಅಕ್ಕಾ, ಊಟ ಆಯ್ತಾ?”